ಸಿಂಕ್ರೊನಸ್ ಮೋಟಾರಿನ ವೇಗ ಬದಲಿಸುವುದು ಹೇಗೆ: ಪುಲ್ಲಿಯಿಂದ ಡ್ರೈವ್‌ವರೆಗೆ

ಫ್ಯಾನಿನ ರೆಗ್ಯುಲೇಟರನ್ನೋ ಲೈಟಿನ ಡಿಮ್ಮರನ್ನೋ ಸಿಂಕ್ರೊನಸ್ ಮೋಟಾರಿಗೆ ಕಟ್ಟಿ ಗುಂಡಿ ತಿರುಗಿಸಿದರೆ, ಅರ್ಧ ದಾರಿಯವರೆಗೆ ಏನೂ ಆಗುವುದಿಲ್ಲ. ಮೋಟಾರ್ ಮೊದಲಿನ ವೇಗದಲ್ಲೇ ಓಡುತ್ತಿರುತ್ತದೆ. ಇನ್ನೊಂಚೂರು ತಿರುಗಿಸಿದರೆ ಗಡಗಡ ನಡುಗಿ ನಿಂತುಬಿಡುತ್ತದೆ. ಪೂರ್ತಿ ವೇಗ, ಇಲ್ಲವೇ ಸೊನ್ನೆ.

ಸ್ಟೇಟರಿನ (ಅಲುಗದೆ ನಿಂತ ಭಾಗದ) ಕರೆಂಟು ತಿರುಗುವ ಕಾಂತಕ್ಷೇತ್ರವೊಂದನ್ನು ಹುಟ್ಟಿಸುತ್ತದೆ. ರೋಟರಿನ (ತಿರುಗುವ ಭಾಗದ) ಅಯಸ್ಕಾಂತ ಅದನ್ನು ಹಿಡಿದುಕೊಂಡು ಅದರದೇ ವೇಗದಲ್ಲಿ ಸುತ್ತುತ್ತದೆ. ಲೋಡ್ ಹೆಚ್ಚಿದರೆ ರೋಟರ್ ನಿಧಾನವಾಗುವುದಿಲ್ಲ, ಕ್ಷೇತ್ರಕ್ಕಿಂತ ಒಂದಿಷ್ಟು ಕೋನ ಹಿಂದೆ ಬೀಳುತ್ತದೆ, ಅಷ್ಟೆ. ಆ ಕೋನ ವಿದ್ಯುತ್ ಲೆಕ್ಕದಲ್ಲಿ ಸುಮಾರು 90 ಡಿಗ್ರಿ ದಾಟಿದರೆ ಹಿಡಿತ ಕಳಚಿಹೋಗುತ್ತದೆ. ವೋಲ್ಟೇಜ್ ತಗ್ಗಿಸುವುದೆಂದರೆ ಈ ಹಿಡಿತವನ್ನು ಸಡಿಲಿಸುವುದು. ವೇಗ ಇರುವುದು ಫ್ರೀಕ್ವೆನ್ಸಿಯ ಕೈಯಲ್ಲಿ:

ಆರ್‌ಪಿಎಂ = 120 × ಫ್ರೀಕ್ವೆನ್ಸಿ ÷ ಪೋಲ್‌ಗಳ (ಕಾಂತಧ್ರುವಗಳ) ಸಂಖ್ಯೆ

50 ಹರ್ಟ್ಜ್‌ನಲ್ಲಿ 2 ಪೋಲಿನ ಮೋಟಾರ್ 3000, 4 ಪೋಲಿನದು 1500, 24 ಪೋಲಿನದು 250 ಆರ್‌ಪಿಎಂ. ಇಂಡಕ್ಷನ್ ಮೋಟಾರಿನ ಹಾಗೆ 1440, 1460 ಎಂಬ ಸೂತ್ರಕ್ಕೆ ಕೂರದ ಅಂಕಿಗಳು ಇಲ್ಲಿ ಬರುವುದಿಲ್ಲ. ನೇಮ್‌ಪ್ಲೇಟಿನಲ್ಲಿ ಸುತ್ತಿನ ಲೆಕ್ಕ ಹೀಗೆ ಸರಿಯಾಗಿ ಕೂತಿದ್ದರೆ ಅದು ಸಿಂಕ್ರೊನಸ್ ಇರಬಹುದೆಂಬ ಮೊದಲ ಸುಳಿವು. ಮೈಕ್ರೋವೇವ್ ಒಲೆಯ ತಟ್ಟೆ ತಿರುಗಿಸುವ ಪುಟ್ಟ ಮೋಟಾರಿನ ಮೇಲೆ ‘5/6 ಆರ್‌ಪಿಎಂ’ ಎಂದಿರುತ್ತದೆ: 50 ಹರ್ಟ್ಜ್‌ಗೆ 5, 60ಕ್ಕೆ 6. ಗಿಯರ್ ದಾಟಿ ಬಂದ ಮೇಲೂ ಅನುಪಾತ ಹಾಗೇ ಉಳಿದಿದೆ.

ಮೊದಲ ಪ್ರಶ್ನೆ: ವೇಗ ಎಷ್ಟು ಸಲ ಬದಲಾಗಬೇಕು?

ಒಂದೇ ಸಲ ಬದಲಿಸಿ ಹಾಗೇ ಬಿಡುವುದಾದರೆ ಎಲೆಕ್ಟ್ರಾನಿಕ್ಸಿನ ಗೊಡವೆಗೆ ಹೋಗಬೇಡಿ. ಪುಲ್ಲಿ ಅಥವಾ ಗಿಯರ್ ಬದಲಿಸಿ. 50 ಹರ್ಟ್ಜ್‌ಗೆ ಮಾಡಿದ ಬೆಲ್ಟ್ ಯಂತ್ರವನ್ನು 60 ಹರ್ಟ್ಜ್‌ನಲ್ಲಿ ಓಡಿಸಲು ಮೋಟಾರಿನ ಪುಲ್ಲಿಯ ವ್ಯಾಸವನ್ನು ಮೊದಲಿನ 5/6 ಭಾಗಕ್ಕೆ ಇಳಿಸಿದರೆ ಸಾಕು. ಆದರೆ ಲೆಕ್ಕ ಹಾಕುವಾಗ ಬೆಲ್ಟಿನ ದಪ್ಪವನ್ನು ಮರೆಯುವವರೇ ಹೆಚ್ಚು. ಪುಲ್ಲಿ 12 ಮಿ.ಮೀ., ಬೆಲ್ಟ್ 0.6 ಮಿ.ಮೀ. ಎಂದುಕೊಳ್ಳಿ. ಕೆಲಸ ಮಾಡುವ ವ್ಯಾಸ 12.6. ಅದರ 5/6 ಅಂದರೆ 10.5. ಬೆಲ್ಟಿನ 0.6 ಕಳೆದರೆ ಹೊಸ ಪುಲ್ಲಿ 9.9 ಮಿ.ಮೀ. ಇರಬೇಕು. ನೇರವಾಗಿ 12ರ 5/6 ಎಂದು 10 ಮಿ.ಮೀ.ಗೆ ಕಡೆಸಿದರೆ ಯಂತ್ರ ಸುಮಾರು ಶೇ 1ರಷ್ಟು ಜೋರಾಗಿ ಓಡುತ್ತದೆ. ಪಂಪಿಗಾದರೆ ಪರವಾಗಿಲ್ಲ, ಗ್ರಾಮಫೋನ್ ತಟ್ಟೆಗೆ ಅದು ದೊಡ್ಡ ತಪ್ಪು.

ಓಡುತ್ತಿರುವಾಗಲೇ ವೇಗ ಬದಲಾಗಬೇಕು ಎಂದರೆ ಮಾತ್ರ ಮುಂದೆ ಓದಿ.

ಮೋಟಾರಿನ ಜಾತಕ ಬರೆದುಕೊಳ್ಳಿ

ಮೂರು ಅಂಕಿ ಇಲ್ಲದೆ ಮುಂದೆ ಹೋಗಬಾರದು: ಪೋಲ್ ಸಂಖ್ಯೆ, ರೇಟೆಡ್ ಕರೆಂಟು, ಮತ್ತು ರೋಟರ್ ಸುತ್ತಿದಾಗ ವೈಂಡಿಂಗಿನಲ್ಲಿ ಹುಟ್ಟುವ ವೋಲ್ಟೇಜ್, ಅಂದರೆ ಬ್ಯಾಕ್ ಇಎಂಎಫ್. ನೇಮ್‌ಪ್ಲೇಟ್ ಅಳಿಸಿಹೋಗಿದ್ದರೂ ಕಾಯಂ ಅಯಸ್ಕಾಂತದ ಮೋಟಾರಿನಲ್ಲಿ ಮೊದಲಿನ ಮತ್ತು ಕೊನೆಯ ಅಂಕಿಗಳನ್ನು ಕಂಡುಹಿಡಿಯಬಹುದು.

ಮೂರು ಫೇಸ್ ಮೋಟಾರಾದರೆ ಮೂರು ವೈರುಗಳನ್ನೂ ಬಿಡಿಸಿ, ಶಾಫ್ಟನ್ನು ಡ್ರಿಲ್ ಮೆಷಿನ್ನಿಗೆ ಕಚ್ಚಿಸಿ ಸ್ಥಿರ ವೇಗದಲ್ಲಿ ತಿರುಗಿಸಿ. ಟ್ಯಾಕೋಮೀಟರ್ 600 ಆರ್‌ಪಿಎಂ ತೋರಿಸುತ್ತಿರುವಾಗ ಎರಡು ವೈರುಗಳ ನಡುವೆ ಮಲ್ಟಿಮೀಟರ್ 60 ವೋಲ್ಟ್ ಎಸಿ, 40 ಹರ್ಟ್ಜ್ ತೋರಿಸಿತು ಎನ್ನೋಣ. 1000 ಆರ್‌ಪಿಎಂಗೆ 100 ವೋಲ್ಟ್. ಪೋಲ್ ಸಂಖ್ಯೆ 120 × 40 ÷ 600 = 8. ಮೂರೂ ಜೋಡಿಗಳಲ್ಲಿ ವೋಲ್ಟೇಜ್ ಒಂದೇ ಬರಬೇಕು. ಒಂದರಲ್ಲಿ ಕಡಿಮೆ ಬಂದರೆ ಆ ವೈಂಡಿಂಗಿನಲ್ಲಿ ಸುತ್ತುಗಳು ಶಾರ್ಟ್ ಆಗಿರುವ ಸಾಧ್ಯತೆ ಹೆಚ್ಚು. ಅಂಥ ಮೋಟಾರಿಗೆ ಡ್ರೈವ್ (ಫ್ರೀಕ್ವೆನ್ಸಿ, ವೋಲ್ಟೇಜ್ ಬದಲಿಸಿ ಕೊಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಕಟ್ಟುವ ಮೊದಲು ರಿವೈಂಡಿಂಗ್ ಮಾಡಿಸಿ.

ಡ್ರಿಲ್ ಇಲ್ಲವೇ? ಬೆಂಚ್ ಸಪ್ಲೈನಿಂದ ಎರಡು ವೈರುಗಳಿಗೆ ರೇಟೆಡ್ ಕರೆಂಟಿನ ಕಾಲು ಭಾಗದಷ್ಟು ಡಿಸಿ ಹರಿಸಿ, ಶಾಫ್ಟನ್ನು ಕೈಯಿಂದ ನಿಧಾನವಾಗಿ ಒಂದು ಸುತ್ತು ತಿರುಗಿಸಿ. ಅದು ಎಷ್ಟು ಕಡೆ ಎಳೆದು ಕೂರುತ್ತದೋ ಅಷ್ಟು ಪೋಲ್ ಜೋಡಿ. ನಾಲ್ಕು ಕಡೆ ಕೂತರೆ 8 ಪೋಲ್.

ಕಾಯಂ ಅಯಸ್ಕಾಂತದ ಮೋಟಾರನ್ನು ಯಾರು ತಿರುಗಿಸಿದರೂ ಅದು ಜನರೇಟರೇ. ಗಾಳಿಗೆ ತಾನಾಗಿ ಸುತ್ತುವ ಫ್ಯಾನಿನ ಮೋಟಾರಿನ ವೈರು, ಮೇನ್ ಸ್ವಿಚ್ ಆಫ್ ಇದ್ದರೂ ಶಾಕ್ ಕೊಡುತ್ತದೆ. ಶಾಫ್ಟ್ ಕಟ್ಟಿಹಾಕದೆ ಟರ್ಮಿನಲ್ ಮುಟ್ಟಬೇಡಿ.

ವೋಲ್ಟೇಜ್ ಎಷ್ಟು ಕೊಡಬೇಕು?

ಫ್ರೀಕ್ವೆನ್ಸಿ ಇಳಿಸಿದರೆ ವೋಲ್ಟೇಜನ್ನೂ ಅದೇ ಪ್ರಮಾಣದಲ್ಲಿ ಇಳಿಸಬೇಕು. 50 ಹರ್ಟ್ಜ್‌ಗೆ 230 ವೋಲ್ಟ್ ಆದರೆ ಹರ್ಟ್ಜ್‌ಗೆ 4.6 ವೋಲ್ಟ್, 25 ಹರ್ಟ್ಜ್‌ಗೆ 115. ಇಳಿಸದಿದ್ದರೆ ಕಬ್ಬಿಣ ಸ್ಯಾಚುರೇಟ್ ಆಗಿ (ಇನ್ನು ಕಾಂತಕ್ಷೇತ್ರ ಹಿಡಿಯಲಾರದಷ್ಟು ತುಂಬಿ) ಕರೆಂಟು ಏರುತ್ತದೆ, ಮೋಟಾರ್ ಸುಡುತ್ತದೆ. ಏರಿಸುವಾಗ ಇದರ ತಿರುಗುಮುರುಗು: ವೋಲ್ಟೇಜೂ ಜೊತೆಗೆ ಏರದಿದ್ದರೆ ಟಾರ್ಕ್ (ತಿರುಗಿಸುವ ಬಲ) ಕುಸಿಯುತ್ತದೆ.

ತೀರಾ ಕೆಳಗಿನ ವೇಗದಲ್ಲಿ ಈ ನೇರ ಲೆಕ್ಕ ಕೈಕೊಡುತ್ತದೆ. ಮೇಲಿನ 8 ಪೋಲಿನ ಮೋಟಾರನ್ನೇ ತೆಗೆದುಕೊಳ್ಳಿ. ಫೇಸಿಗೆ 1 ಓಮ್ ರೆಸಿಸ್ಟೆನ್ಸ್, 5 ಆಂಪ್ ಕರೆಂಟು. 5 ಹರ್ಟ್ಜ್ ಅಂದರೆ 75 ಆರ್‌ಪಿಎಂ, ಲೈನಿನಲ್ಲಿ 7.5, ಫೇಸಿಗೆ 4.3 ವೋಲ್ಟ್ ಬ್ಯಾಕ್ ಇಎಂಎಫ್. ತಾಮ್ರದ ರೆಸಿಸ್ಟೆನ್ಸೇ 5 ವೋಲ್ಟ್ ನುಂಗುತ್ತದೆ! ಅಂದರೆ ಲೆಕ್ಕದ ವೋಲ್ಟೇಜಿಗಿಂತ ಎರಡು ಪಟ್ಟಿಗೂ ಹೆಚ್ಚು ಕೊಟ್ಟರೇ ಪೂರ್ತಿ ಲೋಡ್ ಎಳೆದೀತು. ಡ್ರೈವ್‌ಗಳಲ್ಲಿ ‘ಬೂಸ್ಟ್’ ಎಂಬ ಸೆಟ್ಟಿಂಗ್ ಇರುವುದು ಇದಕ್ಕೇ.

ಬೂಸ್ಟ್ ಆಗಲಿ ವೋಲ್ಟೇಜ್ ಆಗಲಿ ಎಷ್ಟಿರಬೇಕೆಂದು ಕಣ್ಣಳತೆಯಲ್ಲಿ ಹೇಳುವುದು ಬೇಡ, ಅಳೆದೇ ನೋಡಿ. ನಿಜವಾದ ಲೋಡ್ ಹಾಕಿ, ಫ್ರೀಕ್ವೆನ್ಸಿಯನ್ನು ಒಂದು ಕಡೆ ನಿಲ್ಲಿಸಿ, ಒಂದು ಫೇಸಿಗೆ ಕ್ಲ್ಯಾಂಪ್ ಮೀಟರ್ ಹಾಕಿ. ವೋಲ್ಟೇಜನ್ನು ಶೇ 5ರಷ್ಟು ಹಂತಗಳಲ್ಲಿ ಇಳಿಸುತ್ತಾ ಬನ್ನಿ. ಕರೆಂಟು ಮೊದಲು ಇಳಿಯುತ್ತದೆ, ಒಂದು ತಳ ಮುಟ್ಟಿ ಮತ್ತೆ ಏರತೊಡಗುತ್ತದೆ. ತಳ ಮುಟ್ಟುವ ಮೊದಲು ವೋಲ್ಟೇಜ್ ಹೆಚ್ಚಾಗಿ ಸುಮ್ಮನೆ ಬಿಸಿಯಾಗುತ್ತಿತ್ತು. ತಳ ದಾಟಿದ ಮೇಲೆ ಹಿಡಿತ ಸಡಿಲವಾಗುತ್ತಿದೆ. ತಳಕ್ಕಿಂತ ಶೇ 5ರಿಂದ 10 ಮೇಲೆ ನಿಲ್ಲಿಸಿ. 10, 25, 50 ಹರ್ಟ್ಜ್ ಹೀಗೆ ಮೂರು ಕಡೆ ಇದನ್ನು ಮಾಡಿ ಬರೆದುಕೊಂಡರೆ ನಿಮ್ಮ ಮೋಟಾರಿಗೆ ತಕ್ಕ ಗೆರೆ ಸಿಕ್ಕಂತೆ. ಹತ್ತು ನಿಮಿಷದ ಕೆಲಸ. ಇದನ್ನು ಬಿಟ್ಟವರ ಮೋಟಾರೇ ‘ಲೋಡ್ ಇಲ್ಲದಿದ್ದರೂ ಬಿಸಿ’ ಎಂಬ ದೂರಿನೊಂದಿಗೆ ವರ್ಕ್‌ಶಾಪಿಗೆ ಬರುವುದು.

ಸಣ್ಣ ಮೋಟಾರಿಗೆ: ಎರಡು ಚಾನೆಲಿನ ಸೈನ್ ಸಪ್ಲೈ

ಗ್ರಾಮಫೋನ್ ತಟ್ಟೆ, ಟೈಮರ್, ಟೆಲಿಸ್ಕೋಪ್ ಮುಂತಾದವುಗಳಲ್ಲಿರುವ 3–5 ವ್ಯಾಟಿನ ಮೋಟಾರುಗಳಿಗೆ ಕಾರ್ಖಾನೆಯ ಡ್ರೈವ್ ಹೊಂದುವುದಿಲ್ಲ. ಅವುಗಳಲ್ಲಿ ಹಲವು ಎರಡು ಕಾಯಿಲಿನವು. ಒಂದಕ್ಕೆ ನೇರ ಮೇನ್ಸ್, ಇನ್ನೊಂದಕ್ಕೆ ಕೆಪಾಸಿಟರ್ ದಾಟಿದ ಮೇನ್ಸ್. ಕೆಪಾಸಿಟರ್ 90 ಡಿಗ್ರಿ ಅಂತರ ಕೊಡುವುದು ಒಂದೇ ಫ್ರೀಕ್ವೆನ್ಸಿಯಲ್ಲಿ. 50ರಿಂದ 67.5 ಹರ್ಟ್ಜ್‌ಗೆ ಹೋದರೆ ಕೋನ ಕೆಡುತ್ತದೆ, ಮೋಟಾರ್ ಗುಂಯ್‌ಗುಟ್ಟಿ ಅದುರುತ್ತದೆ. ಆದ್ದರಿಂದ ಕೆಪಾಸಿಟರ್ ತೆಗೆದುಹಾಕಿ, ಎರಡು ಕಾಯಿಲಿಗೂ ಪ್ರತ್ಯೇಕ ಸೈನ್ ಅಲೆ ಕೊಡುವುದೇ ಸರಿಯಾದ ದಾರಿ.

ಬೇಕಾದ ಸಾಮಾನು: 90 ಡಿಗ್ರಿ ಅಂತರದ ಎರಡು ಸೈನ್ ಅಲೆ ಹುಟ್ಟಿಸುವ ಮೈಕ್ರೋಕಂಟ್ರೋಲರ್ ಅಥವಾ ಡಿಡಿಎಸ್ (ಅಂಕಿಗಳಿಂದ ಅಲೆ ಕಟ್ಟುವ) ಚಿಪ್, 20–30 ವ್ಯಾಟಿನ ಎರಡು ಚಾನೆಲ್ ಆಡಿಯೋ ಆಂಪ್ಲಿಫೈಯರ್, 230ರಿಂದ 9 ವೋಲ್ಟಿನ, 15–20 ವಿಎ ಟ್ರಾನ್ಸ್‌ಫಾರ್ಮರ್ ಎರಡು, ಉಲ್ಟಾ ಜೋಡಿಸಲು.

1. ಕಾಯಿಲುಗಳನ್ನು ಬಿಡಿಸಿ ಒಂದೊಂದರ ರೆಸಿಸ್ಟೆನ್ಸ್ ಅಳೆಯಿರಿ. ಎರಡೂ ಹೆಚ್ಚುಕಡಿಮೆ ಸಮ ಇರಬೇಕು.

2. ಅಲೆ ಹುಟ್ಟಿಸಿ. ಎಡಿ 9833 ಚಿಪ್ ಬಳಸುವವರು ಸಾಮಾನ್ಯವಾಗಿ ಎಡವುವುದು ಇಲ್ಲಿ. ಬೋರ್ಡಿನಲ್ಲಿ ಬರುವ 25 ಮೆಗಾಹರ್ಟ್ಜ್ ಕ್ಲಾಕಿನಲ್ಲಿ ಅದರ ಅತಿ ಚಿಕ್ಕ ಹೆಜ್ಜೆ 0.093 ಹರ್ಟ್ಜ್, 50 ಹರ್ಟ್ಜ್‌ಗೆ ಅದು ಸುಮಾರು ಶೇ 0.19. ತಟ್ಟೆಯ ವೇಗ ತಿದ್ದಲು ಇದು ತೀರಾ ಒರಟು. ಕ್ಲಾಕನ್ನು 1 ಮೆಗಾಹರ್ಟ್ಜ್‌ಗೆ ಇಳಿಸಿದರೆ ಹೆಜ್ಜೆ 0.004ಕ್ಕೆ ಇಳಿಯುತ್ತದೆ. ಎರಡು ಚಿಪ್ಪುಗಳಿಗೂ ಒಂದೇ ಕ್ಲಾಕ್ ಕೊಡಿ, ರಿಸೆಟ್ಟಿನಿಂದ ಎರಡನ್ನೂ ಒಟ್ಟಿಗೆ ಬಿಡಿ. ಒಂದರ ಫೇಸ್ ರಿಜಿಸ್ಟರಿಗೆ 1024 ಬರೆದರೆ 90 ಡಿಗ್ರಿ. ಬೇರೆ ಬೇರೆ ಕ್ರಿಸ್ಟಲ್ ಇಟ್ಟರೆ ಕೋನ ಮೆಲ್ಲಗೆ ಜಾರುತ್ತಾ ಹೋಗಿ ಮೋಟಾರ್ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಿರುಗಲು ನೋಡುತ್ತದೆ.

3. ಆಂಪ್ಲಿಫೈಯರಿನ ಔಟ್‌ಪುಟ್‌ನಲ್ಲಿ ಡಿಸಿ ಎಷ್ಟಿದೆ ನೋಡಿ. ಟ್ರಾನ್ಸ್‌ಫಾರ್ಮರಿನ 9 ವೋಲ್ಟ್ ಕಡೆಯ ರೆಸಿಸ್ಟೆನ್ಸ್ ಅರ್ಧ ಓಮ್ ಇದ್ದರೆ 50 ಮಿಲಿವೋಲ್ಟ್ ಡಿಸಿಯೂ 100 ಮಿಲಿಆಂಪ್ ಹರಿಸಿ ಕೋರನ್ನು ಒಂದು ಕಡೆಗೆ ವಾಲಿಸುತ್ತದೆ. 10 ಮಿಲಿವೋಲ್ಟ್ ಒಳಗಿದ್ದರೆ ಒಳ್ಳೆಯದು. ಕ್ಲಾಸ್ ಡಿ ಬೋರ್ಡುಗಳಲ್ಲಿ ಬ್ರಿಜ್ ಔಟ್‌ಪುಟ್ ಇದ್ದರೆ ಎರಡು ಚಾನೆಲಿನ ಮೈನಸ್ ವೈರುಗಳನ್ನು ಒಟ್ಟಿಗೆ ಸೇರಿಸಬೇಡಿ, ಚಿಪ್ ಹೋಗುತ್ತದೆ. ಮೋಟಾರಿನ ಕಾಮನ್ ವೈರನ್ನು ಟ್ರಾನ್ಸ್‌ಫಾರ್ಮರಿನ ಆಚೆ, 230ರ ಕಡೆ ಸೇರಿಸಿ.

4. ಟ್ರಾನ್ಸ್‌ಫಾರ್ಮರನ್ನು ಉಲ್ಟಾ ಕಟ್ಟಿ. 9 ವೋಲ್ಟ್ ಕೊಟ್ಟರೆ 230 ಬರುವುದಿಲ್ಲ. ಸಣ್ಣ ಟ್ರಾನ್ಸ್‌ಫಾರ್ಮರುಗಳು ಲೋಡಿನಲ್ಲಿ 9 ಬರಲೆಂದು, ಖಾಲಿ ಇದ್ದಾಗ 11 ವೋಲ್ಟ್ ಸುಮಾರಿಗೆ ಬರುವಂತೆ ಸುತ್ತಿರುತ್ತಾರೆ. ಉಲ್ಟಾ ಕಟ್ಟಿದಾಗ 9 ವೋಲ್ಟ್‌ಗೆ ಸಿಗುವುದು 190ರ ಆಸುಪಾಸು. 11 ಕೊಡಬೇಕು, ಇಲ್ಲವೇ 7.5 ವೋಲ್ಟಿನದನ್ನು ಆರಿಸಬೇಕು. ಈ ಕಡೆಯ ವೋಲ್ಟೇಜ್ ಪ್ರಾಣ ತೆಗೆಯುವಂಥದ್ದು, ಡಬ್ಬಿಯೊಳಗೇ ಇರಲಿ.

5. 50 ಹರ್ಟ್ಜ್‌ನಲ್ಲೇ ಶುರು ಮಾಡಬೇಕೆಂದಿಲ್ಲ. 10–15 ಹರ್ಟ್ಜ್‌ನಲ್ಲಿ ಹಿಡಿಸಿ, ಎರಡು ಮೂರು ಸೆಕೆಂಡಿನಲ್ಲಿ ಏರಿಸಿ. ಆಮೇಲೆ ವೋಲ್ಟೇಜನ್ನು ಮೇಲೆ ಹೇಳಿದಂತೆ ಇಳಿಸಿದರೆ ಅದುರುವಿಕೆ ಎದ್ದುಕಾಣುವಷ್ಟು ಕಡಿಮೆಯಾಗುತ್ತದೆ. ತಿರುಗುವ ದಿಕ್ಕು ಉಲ್ಟಾ ಆಗಿದ್ದರೆ ಒಂದು ಕಾಯಿಲಿನ ವೈರುಗಳನ್ನು ಅದಲು ಬದಲು ಮಾಡಿ.

33⅓ರಿಂದ 45 ಆರ್‌ಪಿಎಂಗೆ ಹೋಗಲು ಫ್ರೀಕ್ವೆನ್ಸಿಯನ್ನು 1.35ರಿಂದ ಗುಣಿಸಿ: 50 ಇದ್ದದ್ದು 67.5. ಪರೀಕ್ಷೆಗೆ ಸ್ಟ್ರೋಬ್ ಡಿಸ್ಕ್ ಇಡಿ: ವೇಗ ಸರಿಯಿದ್ದರೆ ಮಿನುಗುವ ಬೆಳಕಿನಲ್ಲಿ ಅದರ ಗೆರೆಗಳು ನಿಂತಂತೆ ಕಾಣುತ್ತವೆ. ಆದರೆ ಹಲವು ಎಲ್‌ಇಡಿ ಬಲ್ಬುಗಳು ಮೇನ್ಸಿನ ತಾಳಕ್ಕೆ ಮಿನುಗುವುದೇ ಇಲ್ಲ, ಮೇನ್ಸಿನ ಫ್ರೀಕ್ವೆನ್ಸಿಯೂ ಅತ್ತಿತ್ತ ಓಲಾಡುತ್ತದೆ. ಕ್ರಿಸ್ಟಲಿನಿಂದ ಸೆಕೆಂಡಿಗೆ 120 ಸಲ ಮಿನುಗುವ ಎಲ್‌ಇಡಿ ಮಾಡಿಕೊಂಡರೆ 33⅓ಕ್ಕೆ 216 ಗೆರೆ, 45ಕ್ಕೆ 160 ಗೆರೆ, ಎರಡೂ ಪೂರ್ಣ ಸಂಖ್ಯೆ. ಸೆಕೆಂಡಿಗೆ 100 ಮಿಣುಕಿನಲ್ಲಿ 45ಕ್ಕೆ 133⅓ ಗೆರೆ ಬೇಕಾಗುತ್ತದೆ, ಅಂಥ ಡಿಸ್ಕ್ ಮುದ್ರಿಸಲು ಆಗದು. ಗೆರೆ ಜಾರುತ್ತಿದ್ದರೆ ಮೋಟಾರನ್ನು ಶಂಕಿಸುವ ಮೊದಲು ಬೆಲ್ಟನ್ನು ಶಂಕಿಸಿ. ಮೋಟಾರ್ ಜಾರುವುದಿಲ್ಲ, ಬೆಲ್ಟ್ ಜಾರುತ್ತದೆ.

ಒಂದೇ ಕಾಯಿಲಿನ ಅಗ್ಗದ ಮೋಟಾರುಗಳಿಗೆ ಒಂದೇ ಚಾನೆಲ್ ಸಾಕು. ಅವು ಯಾವ ದಿಕ್ಕಿಗೆ ಹೊರಡುತ್ತವೆ ಎಂಬುದು ಮಾತ್ರ ಅವುಗಳ ಮರ್ಜಿ. ಒಳಗೆ ತಡೆಯುವ ಹಲ್ಲು ಇಲ್ಲದಿದ್ದರೆ ದಿಕ್ಕನ್ನು ನಂಬುವಂತಿಲ್ಲ.

ದೊಡ್ಡ ಮೂರು ಫೇಸ್ ಮೋಟಾರಿಗೆ: ವಿಎಫ್‌ಡಿ (ಫ್ರೀಕ್ವೆನ್ಸಿ ಬದಲಿಸುವ ಡ್ರೈವ್)

ರೋಟರಿನಲ್ಲಿ ಕೇಜ್ (ತಾನಾಗಿ ಹೊರಡಲು ನೆರವಾಗುವ ಲೋಹದ ಸರಳುಗಳ ಪಂಜರ) ಇಲ್ಲದ ಕಾಯಂ ಅಯಸ್ಕಾಂತದ ಮೋಟಾರನ್ನು ನೇರ ಮೇನ್ಸಿಗೆ ಹಾಕಿದರೆ ಅದು ನಿಂತಲ್ಲೇ ನಡುಗುತ್ತದೆ, ಹೊರಡುವುದಿಲ್ಲ. ಡ್ರೈವ್ ಬೇಕೇ ಬೇಕು, ಅದೂ ಪಿಎಂ (ಕಾಯಂ ಅಯಸ್ಕಾಂತದ) ಮೋಟಾರ್ ಮೋಡ್ ಇರುವಂಥದ್ದು. ಡ್ರೈವನ್ನು ಕಿಲೋವ್ಯಾಟ್ ನೋಡಿ ಆರಿಸಬೇಡಿ, ಮೋಟಾರಿನ ರೇಟೆಡ್ ಕರೆಂಟು ನೋಡಿ ಆರಿಸಿ.

ವೈರಿಂಗಿನಲ್ಲಿ ಮೂರೇ ಮಾತು. ಡ್ರೈವ್‌ನಿಂದ ಮೋಟಾರಿಗೆ ಶೀಲ್ಡ್ ಇರುವ ಕೇಬಲ್ ಹಾಕಿ, ಶೀಲ್ಡಿಗೆ ಎರಡೂ ತುದಿಯಲ್ಲಿ ಅರ್ತ್ ಕೊಡಿ. ಕೇಬಲ್ ತೀರಾ ಉದ್ದವಾದರೆ ಮೋಟಾರಿನ ತುದಿಯಲ್ಲಿ ಪಲ್ಸ್ ವೋಲ್ಟೇಜ್ ಡಿಸಿ ಬಸ್ಸಿನ (ಡ್ರೈವ್ ಒಳಗಿನ ಡಿಸಿ ಸಾಲಿನ) ಎರಡು ಪಟ್ಟಿನವರೆಗೆ ಚಿಮ್ಮಬಹುದು. 50 ಮೀಟರ್ ದಾಟಿದರೆ ಔಟ್‌ಪುಟ್ ಫಿಲ್ಟರಿನ ಬಗ್ಗೆ ಯೋಚಿಸಿ. ಔಟ್‌ಪುಟ್ ಕಡೆ ಪವರ್ ಫ್ಯಾಕ್ಟರ್ ಕೆಪಾಸಿಟರ್ ಎಂದೂ ಬೇಡ.

ಸೆಟ್ಟಿಂಗುಗಳ ಕ್ರಮ ಹೀಗಿರಲಿ. ಮೊದಲು ಮೋಟಾರ್ ಬಗೆ, ಪೋಲ್, ಕರೆಂಟು, ಬ್ಯಾಕ್ ಇಎಂಎಫ್. ಆಮೇಲೆ ರೇಟೆಡ್ ಫ್ರೀಕ್ವೆನ್ಸಿ. ದೊಡ್ಡ ತಪ್ಪು ಆಗುವುದು ಇಲ್ಲೇ. ನಮ್ಮ 8 ಪೋಲಿನ ಮೋಟಾರ್ 3000 ಆರ್‌ಪಿಎಂ ಓಡಲು 3000 × 8 ÷ 120 = 200 ಹರ್ಟ್ಜ್ ಬೇಕು, ಆಗ ಅದರ ಬ್ಯಾಕ್ ಇಎಂಎಫ್ 300 ವೋಲ್ಟ್. ಡ್ರೈವ್ ಫ್ಯಾಕ್ಟರಿಯಿಂದ ಬರುವಾಗ ‘50 ಹರ್ಟ್ಜ್, 400 ವೋಲ್ಟ್’ ಎಂದಿರುತ್ತದೆ. ಅದನ್ನು ಹಾಗೇ ಬಿಟ್ಟು ವಿ ಬೈ ಎಫ್ ಮೋಡ್‌ನಲ್ಲಿ (ಫ್ರೀಕ್ವೆನ್ಸಿಗೆ ತಕ್ಕ ಪ್ರಮಾಣದಲ್ಲಿ ವೋಲ್ಟೇಜ್ ಕೊಡುವ ಕ್ರಮದಲ್ಲಿ) ಓಡಿಸಿದರೆ 50 ಹರ್ಟ್ಜ್‌ನಲ್ಲಿ ಮೋಟಾರ್ ಕೇಳುವುದು 75 ವೋಲ್ಟ್ ಸುಮಾರು, ಡ್ರೈವ್ ತಳ್ಳುವುದು 400! ಅದೃಷ್ಟವಿದ್ದರೆ ಡ್ರೈವ್ ಕೂಡಲೇ ಓವರ್‌ಕರೆಂಟ್ ಟ್ರಿಪ್ ಆಗುತ್ತದೆ. ಇಲ್ಲದಿದ್ದರೆ ಅತಿ ಕರೆಂಟು ಮತ್ತು ಬಿಸಿ ಸೇರಿ ಅಯಸ್ಕಾಂತದ ಶಕ್ತಿಯನ್ನೇ ತಿಂದುಹಾಕುತ್ತವೆ. ಸಾಮಾನ್ಯ ದರ್ಜೆಯ ನಿಯೋಡಿಮಿಯಂ ತಾಳುವುದು 80 ಡಿಗ್ರಿ ಸೆಲ್ಸಿಯಸ್ ತನಕ ಮಾತ್ರ. ಕರೆಂಟ್ ಲಿಮಿಟನ್ನು ಮೊದಲ ದಿನ ರೇಟೆಡ್‌ನ ಶೇ 100ಕ್ಕೆ ಇಡಿ.

ಕ್ಯಾರಿಯರ್ ಫ್ರೀಕ್ವೆನ್ಸಿ (ಡ್ರೈವ್ ಒಳಗಿನ ಟ್ರಾನ್ಸಿಸ್ಟರುಗಳು ಸ್ವಿಚ್ ಆಗುವ ಫ್ರೀಕ್ವೆನ್ಸಿ) ಔಟ್‌ಪುಟ್ಟಿನ ಕನಿಷ್ಠ 10 ಪಟ್ಟು ಇರಲಿ, 20 ಪಟ್ಟಾದರೆ ಇನ್ನೂ ಒಳ್ಳೆಯದು. 200 ಹರ್ಟ್ಜ್‌ಗೆ 4ರಿಂದ 8 ಕಿಲೋಹರ್ಟ್ಜ್. ಆಮೇಲೆ ಆಟೋಟ್ಯೂನ್ (ಡ್ರೈವ್ ತಾನೇ ಮೋಟಾರನ್ನು ಅಳೆದುಕೊಳ್ಳುವುದು) ಮಾಡಿಸಿ, ಸಾಧ್ಯವಿದ್ದರೆ ಲೋಡ್ ಬಿಚ್ಚಿ.

ರೋಟರಿನ ಸ್ಥಾನಕ್ಕೆ ತಕ್ಕಂತೆ ಕರೆಂಟು ಕೊಡುವುದು ವೆಕ್ಟರ್ ಮೋಡ್. ಎನ್‌ಕೋಡರ್ (ರೋಟರಿನ ಸ್ಥಾನ ಹೇಳುವ ಸೆನ್ಸರ್) ಇಲ್ಲದ ವೆಕ್ಟರ್ ಮೋಡ್‌ನಲ್ಲಿ ಡ್ರೈವ್ ಮೊದಲು ರೋಟರನ್ನು ಒಂದು ಕಡೆ ಎಳೆದು ಕೂರಿಸುತ್ತದೆ, ಕಣ್ಣುಮುಚ್ಚಿ ಸ್ವಲ್ಪ ದೂರ ತಿರುಗಿಸುತ್ತದೆ, ರೇಟೆಡ್ ವೇಗದ ಶೇ 5–10 ಬಂದಮೇಲೆ ಬ್ಯಾಕ್ ಇಎಂಎಫ್ ನೋಡಿ ರೋಟರ್ ಎಲ್ಲಿದೆ ಎಂದು ಅಂದಾಜಿಸತೊಡಗುತ್ತದೆ. ಸೊನ್ನೆ ವೇಗದಲ್ಲಿ ಭಾರ ಹಿಡಿದು ನಿಲ್ಲಬೇಕಾದ ಯಂತ್ರಕ್ಕೆ, ಉದಾಹರಣೆಗೆ ಎತ್ತುಗಕ್ಕೆ, ಇದು ಸಾಲದು. ಅಲ್ಲಿ ಎನ್‌ಕೋಡರ್ ಹಾಕಲೇಬೇಕು.

ರೇಟೆಡ್ ವೇಗ ದಾಟುವ ಆಸೆ ಇದ್ದರೆ ಈ ಲೆಕ್ಕ ನೋಡಿಕೊಳ್ಳಿ. 400 ವೋಲ್ಟ್ ಸಪ್ಲೈನ ಡ್ರೈವ್ ಒಳಗಿನ ಡಿಸಿ ಬಸ್ 565 ವೋಲ್ಟ್. ನಮ್ಮ 8 ಪೋಲಿನ ಮೋಟಾರಿನ ಬ್ಯಾಕ್ ಇಎಂಎಫ್ 4000 ಆರ್‌ಪಿಎಂನಲ್ಲೇ (400 ವೋಲ್ಟ್, ಅಲೆಯ ತುದಿಯಲ್ಲಿ 565) ಆ ಮಟ್ಟ ಮುಟ್ಟುತ್ತದೆ. ಫೀಲ್ಡ್ ವೀಕನಿಂಗ್ ಮಾಡಿ (ಎದುರು ಕರೆಂಟು ಹರಿಸಿ ಅಯಸ್ಕಾಂತದ ಕ್ಷೇತ್ರ ತಗ್ಗಿಸಿ) 6000ಕ್ಕೆ ಒಯ್ದಿರಿ ಎನ್ನೋಣ, ಓಡುತ್ತದೆ. ಆದರೆ ಆ ಕ್ಷಣ ಡ್ರೈವ್ ಬೇರೇನೋ ಕಾರಣಕ್ಕೆ ಟ್ರಿಪ್ ಆದರೆ, ಕ್ಷೇತ್ರವನ್ನು ತಗ್ಗಿಸಿ ಹಿಡಿದಿದ್ದ ಕರೆಂಟು ಮಾಯವಾಗಿ ಮೋಟಾರ್ 600 ವೋಲ್ಟ್, ಅಂದರೆ ಅಲೆಯ ತುದಿಯಲ್ಲಿ 848 ವೋಲ್ಟ್ ಹೊರಹಾಕುತ್ತದೆ. ಅದು ಡಯೋಡುಗಳ ಮೂಲಕ ನೇರ ಬಸ್ ಕೆಪಾಸಿಟರಿಗೆ ನುಗ್ಗುತ್ತದೆ. ಈ ವರ್ಗದ ಡ್ರೈವ್‌ಗಳ ಮಿತಿ 800 ವೋಲ್ಟ್ ಆಸುಪಾಸು. ಬೇರಿಂಗ್ ತಾಳಿದರೂ 5000 ಆರ್‌ಪಿಎಂ ಒಳಗೆ ನಿಲ್ಲಿಸಿ. ಆಗ ತುದಿ 707 ವೋಲ್ಟ್.

ರೋಟರಿಗೆ ಸ್ಲಿಪ್ ರಿಂಗ್ ಮೂಲಕ ಡಿಸಿ ಕೊಡುವ ದೈತ್ಯ ಮೋಟಾರುಗಳ ಬಗ್ಗೆ ಒಂದು ತಪ್ಪು ತಿಳಿವಳಿಕೆ: ಈ ಡಿಸಿಯನ್ನು, ಅಂದರೆ ಎಕ್ಸೈಟೇಷನ್ ಕರೆಂಟನ್ನು, ಬದಲಿಸಿದರೆ ವೇಗ ಬದಲಾಗುತ್ತದೆಂದು. ಬದಲಾಗುವುದು ಪವರ್ ಫ್ಯಾಕ್ಟರ್. ಮೆಗಾವ್ಯಾಟ್ ಮಟ್ಟದ ಅಂಥವುಗಳ ವೇಗಕ್ಕೂ ಫ್ರೀಕ್ವೆನ್ಸಿಯನ್ನೇ ಬದಲಿಸಬೇಕು, ಅದಕ್ಕೆ ಥೈರಿಸ್ಟರ್ ಇನ್ವರ್ಟರುಗಳಿವೆ. ಹಾಗೇ, ಓಡುವಾಗ ಅಥವಾ ಹೊರಡುವಾಗ ಫೀಲ್ಡ್ ಸರ್ಕ್ಯೂಟನ್ನು ತೆರೆದು ಬಿಡಬಾರದು. ಡಿಸ್ಚಾರ್ಜ್ ರೆಸಿಸ್ಟರ್ ಇಲ್ಲದಿದ್ದರೆ ಅಲ್ಲಿ ಹುಟ್ಟುವ ವೋಲ್ಟೇಜ್ ಇನ್ಸುಲೇಷನ್ ಸೀಳುತ್ತದೆ.

ಕೈಕೊಟ್ಟಾಗ

ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ: ಆರಂಭದ ಫ್ರೀಕ್ವೆನ್ಸಿ ಹೆಚ್ಚಾಗಿದೆ, ಇಲ್ಲವೇ ಏರಿಸುವ ಸಮಯ ಕಡಿಮೆ ಇದೆ. ಸಮಯ ದುಪ್ಪಟ್ಟು ಮಾಡಿಯೂ ಹೋಗದಿದ್ದರೆ ಒಂದು ಫೇಸ್ ಕಡಿದಿದೆಯೇ ನೋಡಿ.

ಹೊರಟು, ಶೇ 5–10 ವೇಗ ಬಂದೊಡನೆ ಜಗ್ಗಿ ಟ್ರಿಪ್ ಆಗುತ್ತದೆ: ಕಣ್ಣುಮುಚ್ಚಿ ತಿರುಗಿಸುವ ಹಂತದ ಕರೆಂಟು ಸಾಲುತ್ತಿಲ್ಲ. ಅದನ್ನು ರೇಟೆಡ್‌ನ ಶೇ 50ರಿಂದ 80, 100ರ ಕಡೆಗೆ ಏರಿಸಿ. ಬ್ಯಾಕ್ ಇಎಂಎಫ್ ಅಂಕಿ ತಪ್ಪಾಗಿ ತುಂಬಿದ್ದರೂ ಇದೇ ಲಕ್ಷಣ.

ಲೋಡ್ ಹಗುರ ಇದ್ದಾಗ, ನಡುವಿನ ಯಾವುದೋ ಒಂದು ವೇಗದಲ್ಲಿ ಉಯ್ಯಾಲೆಯಂತೆ ಓಲಾಡುತ್ತದೆ: ಇದು ಹಂಟಿಂಗ್. ಡ್ಯಾಂಪರ್ ಇಲ್ಲದ ರೋಟರ್ ಸ್ಪ್ರಿಂಗಿಗೆ ಕಟ್ಟಿದ ಗುಂಡಿನ ಹಾಗೆ ವರ್ತಿಸುತ್ತದೆ. ವೋಲ್ಟೇಜ್ ಸ್ವಲ್ಪ ಬದಲಿಸಿ, ಡ್ರೈವ್‌ನಲ್ಲಿ ಆಂದೋಲನ ತಡೆಯುವ ಗೇನ್ ಇದ್ದರೆ ಏರಿಸಿ, ಆಗದಿದ್ದರೆ ಆ ಫ್ರೀಕ್ವೆನ್ಸಿಯನ್ನು ನಿಲ್ಲದೆ ದಾಟುವಂತೆ ಸ್ಕಿಪ್ ಹಾಕಿ. ವೆಕ್ಟರ್ ಮೋಡ್‌ಗೆ ಹೋದರೆ ಈ ರೋಗ ಬಹುತೇಕ ಇರುವುದಿಲ್ಲ.

ನಿಲ್ಲಿಸುವಾಗ ಓವರ್‌ವೋಲ್ಟೇಜ್: ಸುತ್ತುವ ಭಾರದ ಶಕ್ತಿ ಬಸ್ಸಿಗೆ ಮರಳುತ್ತಿದೆ. ಇಳಿಸುವ ಸಮಯ ಹೆಚ್ಚಿಸಿ ಅಥವಾ ಬ್ರೇಕ್ ರೆಸಿಸ್ಟರ್ ಹಾಕಿ. ಡ್ರೈವ್ ಕೈಪಿಡಿಯಲ್ಲಿ ಹೇಳಿದ ಕನಿಷ್ಠ ಓಮ್‌ಗಿಂತ ಕಡಿಮೆಯದನ್ನು ಹಾಕಿದರೆ ಬ್ರೇಕ್ ಟ್ರಾನ್ಸಿಸ್ಟರ್ ಸುಡುತ್ತದೆ. ಬಿಚ್ಚುವ ಮೊದಲು ಡ್ರೈವ್ ಮೇಲೆ ಬರೆದಷ್ಟು ನಿಮಿಷ ಕಾದು, ಬಸ್ ಟರ್ಮಿನಲಿನಲ್ಲಿ ಮೀಟರ್ ಇಟ್ಟು ನೋಡಿಯೇ ಕೈಹಾಕಿ.

ಎನ್‌ಕೋಡರ್ ಬದಲಿಸಿದ ಮರುದಿನ ಕರೆಂಟು ಜಾಸ್ತಿ, ಬಲ ಕಡಿಮೆ: ಎನ್‌ಕೋಡರಿನ ಸೊನ್ನೆಗೂ ರೋಟರಿನ ಪೋಲಿಗೂ ಇರುವ ಕೋನ ಬದಲಾಗಿದೆ. ಲೋಡ್ ಬಿಚ್ಚಿ ಪೋಲ್ ಸ್ಥಾನದ ಆಟೋಟ್ಯೂನ್ ಮತ್ತೆ ಮಾಡಿ. ಜಗ್ಗಿ ಒಂದೇ ಕಡೆ ಬಿಗಿದು ನಿಂತರೆ ಫೇಸ್ ಕ್ರಮವೂ ಎನ್‌ಕೋಡರಿನ ದಿಕ್ಕೂ ಎದುರುಬದುರಾಗಿವೆ. ಮೋಟಾರಿನ ಎರಡು ವೈರು ಅದಲು ಬದಲು ಮಾಡಿ, ಆಟೋಟ್ಯೂನ್ ಮತ್ತೊಮ್ಮೆ ಓಡಿಸಿ.